ಮಿರ್ಚಿ ಬಿಟ್ಟ ವಿರೂಪಾಕ್ಷಿ

"ಅಜ್ಜೀ, ನಮ್ಮಣ್ಣಗ ಗುಟ್ಕಾ ಕೊಡಬ್ಯಾಡ!" ಒಂದೇ ಉಸಿರಿಗೆ ಹೇಳಿಬಿಟ್ಟಳು ಚೈತ್ರಾ.

ಅಂಗಡಿಯ ದೊಡ್ಡಬಸಮ್ಮ ಬಗ್ಗಿ ನೋಡಿದಳು. "ಅದು ನಿಮ್ಮಪ್ಪಗಲ್ಲೇನವ್ವಾ? ಅವನೇ ಹುಡುಗನ್ನ ಕಳಸ್ತಾನ."

"ತರೋದು ಅಪ್ಪಗ. ದಾರ್ಯಾಗ ಅಣ್ಣನೂ ಹಾಕ್ಕೊಂತಾನ." ಚೈತ್ರಾಳ ಕಣ್ಣು ತುಂಬಿ ಬಂತು.

ಎಂಟನೇ ಕ್ಲಾಸಿನ ಅಣ್ಣ ವಿರೂಪಾಕ್ಷಿ ಅಂದರೆ ಅವಳಿಗೆ ಜೀವ. ಅವನು ನಕ್ಕರೆ ಸಿರುಗುಪ್ಪದ ಆ ಓಣಿಗೆಲ್ಲ ಕೇಳುತ್ತಿತ್ತು. ಈಗೀಗ ಹಲ್ಲಿನ ಕಲೆ ಕಾಣದಂತೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾನೆ. ನಿನ್ನೆಯಂತೂ "ಬಾಯಿ ಉರಿತೈತಿ" ಎಂದು ಅವ್ವ ಕರಿದ ಮಿರ್ಚಿ ಬಜ್ಜಿಯನ್ನೇ ಬಿಟ್ಟ. ಅಯ್ಯೋ, ಬಳ್ಳಾರಿ ಸೀಮೆಯ ಹುಡುಗ ಮಿರ್ಚಿ ಬಿಡುವುದೆಂದರೇನು!

"ನಾ ಕೊಡ್ಲಿಲ್ಲಂದ್ರ ಎರ್ರಣ್ಣನ ಅಂಗಡ್ಯಾಗ ತಗೊಂತಾನವ್ವ."

"ಹಂಗಾರ ಎರ್ರಣ್ಣಗೂ ಹೇಳು!"

ಅಜ್ಜಿ ಸುಮ್ಮನೆ ಕೂರುವವಳೇ? ಮರುದಿನ ಸಂಜೆ ಓಣಿಯವರನ್ನೆಲ್ಲ ಕಟ್ಟೆಗೆ ಕೂಡಿಸಿದಳು. ಎರ್ರಣ್ಣ ಬಂದ. ಶಾಲೆಯ ಮೇಷ್ಟ್ರು, ಆಶಾ ಕಾರ್ಯಕರ್ತೆ ಗಂಗೋತ್ರಿ ಬಂದರು. ಅಪ್ಪ ತಿಪ್ಪೇಸ್ವಾಮಿಯೂ ಬಂದ. ವಿರೂಪಾಕ್ಷಿ ಹಿಂದೆ, ಗೋಡೆಗೆ ಒರಗಿ ನಿಂತಿದ್ದ. ಅಜ್ಜಿ ಅವನ ಹೆಸರು ಹೇಳಿಬಿಟ್ಟರೆ ಗತಿಯೇನು? ಚೈತ್ರಾ ಅಜ್ಜಿಯ ಮುಖವನ್ನೇ ನೋಡಿದಳು.

ಅಜ್ಜಿ ಯಾರ ಹೆಸರನ್ನೂ ಎತ್ತಲಿಲ್ಲ.

"ಹುಡುಗ್ರ ಕೈಯಾಗ ಗುಟ್ಕಾ ನಾನೂ ಕೊಡಂಗಿಲ್ಲ, ಎರ್ರಣ್ಣನೂ ಕೊಡಂಗಿಲ್ಲ. ಆದ್ರ ಅವ್ರನ್ನ ಕಳಸೋರು ನೀವ ಅದೀರಲ್ರಿ?"

ಅಪ್ಪ ಎದ್ದು ನಿಂತ. "ನನ್ನ ಚಟಕ್ಕ ನಾನ ಹೋಗ್ತೀನಿ. ಮಗನ್ನ ಕಳಸಂಗಿಲ್ಲ." ಉಳಿದವರೂ ಹೂಂಗುಟ್ಟಿದರು.

"ಬಾಯಿ ಉರಿಯೋರು ನನ್ ಕಡೆ ಬರ್ರಿ, ಡಾಕ್ಟ್ರಿಗೆ ತೋರಸೋಣ. ಯಾರೂ ಬೈಯಂಗಿಲ್ಲ" ಎಂದಳು ಗಂಗೋತ್ರಿ. ಸಂಜೆ ಹೊತ್ತು ಕಬಡ್ಡಿ ಆಡಿಸುವುದಾಗಿ ಮೇಷ್ಟ್ರು ಹೇಳಿದರು.

ಜನ ಚದುರಿದ ಮೇಲೆ ವಿರೂಪಾಕ್ಷಿ ಗಂಗೋತ್ರಿಯ ಹಿಂದೆ ಮೆಲ್ಲಗೆ ನಡೆದ. ಚೈತ್ರಾ ನೋಡಿಯೂ ನೋಡದವಳಂತೆ ಇದ್ದಳು.

ಆಮೇಲೂ ಒಮ್ಮೊಮ್ಮೆ ಅಪ್ಪ ಅಭ್ಯಾಸಬಲದಿಂದ ಕೂಗುತ್ತಿದ್ದ. "ಲೇ ವಿರೂಪಾಕ್ಷಿ, ಅಂಗಡಿಗೆ..." ಎಂದು ಅಲ್ಲಿಗೇ ನಿಲ್ಲಿಸಿ ಚಪ್ಪಲಿ ಹುಡುಕುತ್ತಿದ್ದ. ಕೆಲವು ಸಲ "ಬಿಸಿಲು ಬಾಳ ಐತಿ ಬಿಡು" ಎಂದು ಕೂತೇ ಬಿಡುತ್ತಿದ್ದ.

ಬೇಸಿಗೆ ಕಳೆಯಿತು. ಮಳೆ ಹನಿಯುತ್ತಿದ್ದ ಒಂದು ಸಂಜೆ ಅವ್ವ ಮತ್ತೆ ಮಿರ್ಚಿ ಕರಿದಳು. ಕಬಡ್ಡಿ ಆಡಿ ಬಂದ ವಿರೂಪಾಕ್ಷಿ ಒಂದನ್ನು ಮುರಿದು, ಅರ್ಧ ತಂಗಿಗೆ ಕೊಟ್ಟು, ಉಳಿದರ್ಧ ಕಚ್ಚಿದ.

"ಹಾ... ಹಾ!"

"ಉರಿತೈತೇನಣ್ಣ?"

"ಇನ್ನೂ ಸ್ವಲ್ಪ ಉರಿತೈತಿ" ಎಂದು ಅವನು ಕಣ್ಣೀರು ಒರೆಸಿಕೊಳ್ಳುತ್ತಾ ಜೋರಾಗಿ ನಕ್ಕ. ಕೈ ಬಾಯಿಗೆ ಅಡ್ಡ ಬರಲಿಲ್ಲ.

ಚೈತ್ರಾ ತನ್ನ ಅರ್ಧ ಮಿರ್ಚಿಯನ್ನೂ ಅವನ ತಟ್ಟೆಗೆ ಸರಿಸಿದಳು.