ಗೋಡೆಯಾಚೆಯ ಚಾರ್ಜರ್

ಸಂಜೆ ರೇಡಿಯೋ ಗೊರ್ರೆಂದರೆ ಸಾಕು, ಅವಳ ಹೊಲಿಗೆ ಸೊಟ್ಟಗಾಗುತ್ತಿತ್ತು. ಪಕ್ಕದ ಮನೆಯವನು ಬಂದನೆಂದು ಅರ್ಥ.

ಒಮ್ಮೆ ಅವನ ಕೊರಿಯರ್ ಕೊಡಲು ಹೋದಾಗ ಕಂಡಿದ್ದಳು. ನಡುಗೋಡೆಯ ಶೆಲ್ಫಿನಲ್ಲಿದ್ದ ಬಿಲ್ಲೆಯಂಥ ವೈರ್‌ಲೆಸ್ ಚಾರ್ಜರಿನ ಮೇಲೆ ಅವನು ಫೋನ್ ಇಟ್ಟದ್ದೇ ತಡ, ಗೋಡೆಯ ಈಚೆ ತನ್ನ ಮನೆಯ ರೇಡಿಯೋದಲ್ಲಿ ಹಾಡು ಕೆಟ್ಟಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

"ಸ್ಟೇಷನ್ನೇ ಸರಿಯಿಲ್ಲ ಅತ್ತೆ," ಎಂದು ತೇಲಿಸಿಬಿಡುತ್ತಿದ್ದಳು. ಗಂಡ ತೀರಿಹೋದ ಮೇಲೆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ.

ಅತ್ತೆ ಸುಮ್ಮನಿರುವವರೇ? ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವ ಪಕ್ಕದ ಮನೆಯವನನ್ನೇ ಒಂದು ಭಾನುವಾರ ಹಿಡಿದು ತಂದರು. ಫೋನನ್ನು ಚಾರ್ಜರಿನ ಮೇಲೇ ಬಿಟ್ಟು ಬಂದಿದ್ದ ಅವನು ರೇಡಿಯೋ ಎತ್ತಿಕೊಂಡು ಗೋಡೆಯ ಹತ್ತಿರ ಹೋದ, ಶಬ್ದ ಜೋರಾಯಿತು; ಹಿಂದೆ ಸರಿದ, ಇಳಿಯಿತು; ನಕ್ಕ.

"ತಪ್ಪು ನನ್ನ ಚಾರ್ಜರಿಂದು ಅಮ್ಮ." ಆಮೇಲೆ ಅವಳ ಕಡೆ ತಿರುಗಿದ. "ನೀವಾದ್ರೂ ಒಂದು ಮಾತು ಹೇಳಬಾರದಿತ್ತಾ?"

"ಅಂಥ ತೊಂದರೆ ಏನಿರಲಿಲ್ಲ."

"ಇರಲಿಲ್ವಾ? ನನ್ನ ಕಿವಿ ತೂತಾಯ್ತು," ಎಂದರು ಅತ್ತೆ.

ಅವನು ತನ್ನ ಮನೆಗೆ ಹೋಗಿ ಚಾರ್ಜರನ್ನು ಗೋಡೆಯಿಂದ ದೂರ ಇಟ್ಟ. ಅದರ ಕೇಬಲ್ಲಿಗೆ, ಶಬ್ದ ತಡೆಯುವ ಕಪ್ಪು ಫೆರೈಟ್ ಉಂಗುರ ಸಿಕ್ಕಿಸಿದ. ಅಲ್ಲಿಂದಲೇ ಕೂಗಿದ.

"ಈಗ?"

"ಇದೆ."

"ಈಗ?"

ಶಬ್ದ ನಿಂತಿತ್ತು. ಅವಳು ಗೋಡೆಗೆ ಅಂಗೈ ಒತ್ತಿದಳು. "ಇನ್ನೂ ಸ್ವಲ್ಪ ಇದೆ."

"ಎಲ್ಲಿದೆಯೇ? ಹಾಡು ನೀರಿನ ಹಾಗೆ ಹರೀತಿದೆ," ಎಂದು ಅಡುಗೆಮನೆಯಿಂದ ಅತ್ತೆ ರಾಗ ತೆಗೆದರು.

ಅಂದಿನಿಂದ ಹೊಲಿಗೆ ನೆಟ್ಟಗೆ ಓಡಿತು. ಅಷ್ಟು ನೆಟ್ಟಗಿನ ಸಂಜೆಗಳನ್ನು ಏನು ಮಾಡಬೇಕೆಂದೇ ಅವಳಿಗೆ ತೋಚಲಿಲ್ಲ. ಬಂದನೋ, ಇನ್ನೂ ಇಲ್ಲವೋ? ಮೆಟ್ಟಿಲ ಮೇಲಿನ ಹೆಜ್ಜೆಗಳೆಲ್ಲ ಅವನವೇ ಎನಿಸುತ್ತಿದ್ದವು. ಆದರೆ ಮೇಲಿನ ಮಹಡಿಗೆ ಹೋಗಿಬಿಡುತ್ತಿದ್ದವು. ಒಬ್ಬ ಮನುಷ್ಯ ಮನೆ ಸೇರಿದ ಎಂಬಷ್ಟೇ ಸುದ್ದಿಗೆ ತನ್ನ ಇಡೀ ದಿನ ಕಾದಿರುತ್ತಿತ್ತೆಂದು ಅವಳಿಗೆ ಗೊತ್ತಾದದ್ದೇ ಈಗ.

ಒಂದು ಸಂಜೆ ತಡೆಯಲಾರದೆ ಹೋಗಿ ಅವನ ಬಾಗಿಲು ತಟ್ಟಿದಳು. ಅವನು ಇನ್ನೂ ಶೂ ಬಿಚ್ಚಿರಲಿಲ್ಲ.

"ಮತ್ತೆ ಶಬ್ದ ಬಂತಾ?"

"ಇಲ್ಲ. ನೀವು ಬಂದಿದ್ದು ನನಗೀಗ ಗೊತ್ತಾಗ್ತಿಲ್ಲ."

ಅವನ ನಗು ತುಟಿಯವರೆಗೆ ಬಂದು, ಅವಳ ಮುಖ ಕಂಡು, ಅಲ್ಲೇ ನಿಂತಿತು.

"ನಾಳೆಯಿಂದ ಮೊದಲು ನಿಮ್ಮ ಬಾಗಿಲು ತಟ್ತೀನಿ," ಎಂದ. "ಆಮೇಲೆ ನನ್ನ ಬೀಗ ತೆಗೀತೀನಿ."