ಹಸಿದ ಯೀಸ್ಟಿನ ಡೊಳ್ಳುಹೊಟ್ಟೆ

"ಅಳಿಸಲ್ಲ ಸಾರ್. ನಾನು ನೋಡಿದ್ದೇ ಹಾಗೆ."

ಸುಮಿರೆಯ ಮಾತಿಗೆ ಐದನೇ ಕ್ಲಾಸಿನವರೆಲ್ಲ ತಿರುಗಿ ನೋಡಿದರು. ಬೇಸಿಗೆ ರಜೆಯಲ್ಲಿ ಮಕ್ಕಳು ಮಾಡಿದ ಪ್ರಯೋಗಗಳ ಚಾರ್ಟುಗಳು ಗೋಡೆಯ ಮೇಲಿದ್ದವು. ಅವುಗಳಲ್ಲಿ ಒಂದು ಮಾತ್ರ ಜಪಾನಿನ ಒಕಾಜಾಕಿ ನಗರದ ವಿಜ್ಞಾನ ಪ್ರದರ್ಶನಕ್ಕೆ ಹೋಗಬೇಕಿತ್ತು.

ಸುಮಿರೆಯದು ಬ್ರೆಡ್ಡು ಉಬ್ಬಿಸುವ ಯೀಸ್ಟಿನ ಚಿತ್ರ. ಅವಳ ಚಿಕ್ಕಮ್ಮ ಲ್ಯಾಬಿನಲ್ಲಿ ಯೀಸ್ಟ್ ಬೆಳೆಸುತ್ತಾರೆ. ಅಲ್ಲಿನ ಮೈಕ್ರೋಸ್ಕೋಪಿನಲ್ಲಿ ಸುಮಿರೆ ನೋಡಿದ್ದಳು. ಚೆನ್ನಾಗಿ ತಿಂದ ಯೀಸ್ಟಿನ ಒಳಗೆ ಕೆಲವು ಪುಟ್ಟ ಚೀಲಗಳಿರುತ್ತವೆ. ಉಪವಾಸ ಕೆಡವಿದರೆ ಅವು ಒಂದಕ್ಕೊಂದು ಕೂಡಿಕೊಂಡು ಒಂದೇ ದೊಡ್ಡ ಚೀಲವಾಗುತ್ತವೆ. ಚಾರ್ಟಿನಲ್ಲಿ ಹಸಿದ ಯೀಸ್ಟನ್ನು ಅವಳು ಹಾಗೆಯೇ ಬರೆದಿದ್ದಳು.

"ಒಳಗಿರೋ ಹಳೇ ಸಾಮಾನು ಆ ಚೀಲಕ್ಕೆ ಹಾಕ್ಕೊಂಡು, ಅರಗಿಸ್ಕೊಂಡು ಬದುಕುತ್ತೆ ಕಣೇ," ಎಂದಿದ್ದರು ಚಿಕ್ಕಮ್ಮ.

"ಹಸಿದ್ರೆ ಹೊಟ್ಟೆ ಒಳಗೆ ಹೋಗುತ್ತೆ. ಇವಳ ಯೀಸ್ಟಿಗೆ ಡೊಳ್ಳುಹೊಟ್ಟೆ!" ಗೆಂತಾ ನಕ್ಕ. ಮಧ್ಯಾಹ್ನ ಕ್ಲಾಸಿಗೆ ಊಟ ಬಡಿಸುವ ಸರದಿಗೆಂದು ಹಾಕಿದ್ದ ಬಿಳಿ ಟೋಪಿ ಅವನ ತಲೆಯ ಮೇಲೆ ಕುಣಿಯಿತು.

ಕುರಾಮೊಚಿ ಮೇಷ್ಟ್ರಿಗೂ ಅನುಮಾನ. "ಪುಸ್ತಕದಲ್ಲಿ ಹೀಗಿಲ್ಲಮ್ಮ. ಸರಿ ಮಾಡಿದ್ರೆ ನಿನ್ನದನ್ನೇ ಕಳಿಸ್ತೀನಿ."

"ಹಾಗಾದ್ರೆ ಕಳಿಸ್ಬೇಡಿ." ಸುಮಿರೆಯ ಕಿವಿ ಕೆಂಪಗಾಗಿತ್ತು. "ಯೀಸ್ಟ್ ತರ್ತೀನಿ. ನೀವೇ ನೋಡಿ."

ಮರುದಿನ ಅವಳು ಚಿಕ್ಕಮ್ಮ ಕೊಟ್ಟ ಸೀಸೆ ತಂದಳು. ಅದರೊಳಗಿನ ಯೀಸ್ಟ್ ಬೆಳಿಗ್ಗೆಯಿಂದ ಬರೀ ನೀರಿನಲ್ಲಿ ಉಪವಾಸವಿತ್ತು. ಮೇಷ್ಟ್ರು ಶಾಲೆಯ ಮೈಕ್ರೋಸ್ಕೋಪಿಗೆ ಕಣ್ಣಿಟ್ಟವರು ಬಹಳ ಹೊತ್ತು ತಲೆ ಎತ್ತಲಿಲ್ಲ.

"ಹೌದಲ್ಲ! ಒಂದೇ ಚೀಲ, ಬಲೂನಿನ ಹಾಗೆ!"

ಗೆಂತಾ ನುಗ್ಗಿ ಬಂದು ಇಣುಕಿದ. "ಎಲ್ಲಾ ಹಾಗಿಲ್ಲ ಸಾರ್! ಈ ಮೂಲೇಲಿ ಒಂದಕ್ಕೆ ಮೂರು ಚೀಲ ಇದೆ. ಈಗೇನಂತೀಯೇ ಸುಮಿರೆ?"

ಸುಮಿರೆ ಅವನನ್ನು ಪಕ್ಕಕ್ಕೆ ತಳ್ಳಿ ನೋಡಿದಳು. ನಿಜ, ಮೂರಿದ್ದವು. ಲ್ಯಾಬಿನಲ್ಲೂ ಇಂಥವು ಅಲ್ಲೊಂದು ಇಲ್ಲೊಂದು ಕಂಡಿದ್ದವು. ಚಿತ್ರ ಕೆಡುತ್ತದೆ ಎಂದು ಅವಳೇ ಬಿಟ್ಟಿದ್ದಳು.

ಅವಳು ಚಾರ್ಟನ್ನು ಗೋಡೆಯಿಂದ ಬಿಚ್ಚಿ ನೆಲದ ಮೇಲೆ ಹಾಸಿ, ಪೆನ್ಸಿಲ್ ತೆಗೆದಳು. ದೊಡ್ಡ ಚೀಲದ ಯೀಸ್ಟುಗಳ ನಡುವೆ ಮೂರು ಚೀಲದ್ದೊಂದನ್ನು ಬರೆದಳು. ಉಳಿದದ್ದನ್ನು ಮುಟ್ಟಲಿಲ್ಲ.

"ಅಯ್ಯೋ, ಚೆಂದದ ಚಾರ್ಟಾಗಿತ್ತು," ಎಂದರು ಮೇಷ್ಟ್ರು.

"ಇದೂ ಇದೆಯಲ್ಲ ಸಾರ್."

ಗೆಂತಾ ಪಕ್ಕದಲ್ಲೇ ಕುಕ್ಕರಿಸಿದ. ಈಗ ಅವನು ನಗುತ್ತಿರಲಿಲ್ಲ. "ಇದೊಂದು ಯಾಕೆ ಹೀಗೆ ಅಂತ ಪ್ರದರ್ಶನದಲ್ಲಿ ಯಾರಾದ್ರೂ ಕೇಳಿದ್ರೆ?"

"ಗೊತ್ತಿಲ್ಲ ಅಂತೀನಿ," ಎಂದಳು ಸುಮಿರೆ.

ಹಾಗೆನ್ನಲು ಅವಳಿಗೆ ಒಂಚೂರೂ ನಾಚಿಕೆ ಆಗಲಿಲ್ಲ.