ಐದು ದಿನದ ಅಮಾನತು

ಆಗಸ್ಟ್ ಹತ್ತೊಂಬತ್ತು, ಶನಿವಾರ. ಮಧ್ಯಾಹ್ನ ಎರಡು ಗಂಟೆ ಐವತ್ತೆರಡು ನಿಮಿಷಕ್ಕೆ ಎಮೆಟ್ ಡೀಗಲ್ ಪುಟ್ಟ ದ್ವೀಪವೊಂದರ ಕಿಲ್ಮೋರ್ ಪಟ್ಟಣದ ಪೊಲೀಸ್ ಠಾಣೆಗೆ ನಡೆದುಕೊಂಡೇ ಬಂದ. ಕುದುರೆಗಾಡಿ ಓಟದ ಹಸಿರು ಬಿಳಿ ಅಂಗಿ ಇನ್ನೂ ಅವನ ಮೈಮೇಲಿತ್ತು. ಕೈಯಲ್ಲಿ ಉಕ್ಕಿನ ಫ್ಲಾಸ್ಕ್. ಅವನು ಬಾಯಿ ತೆರೆಯುವ ಮೊದಲೇ ಹೆಂಡದ ವಾಸನೆ ಮೇಜು ದಾಟಿ ಬಂತು.

ಸಾರ್ಜೆಂಟ್ ಲೋರ್ನ್ ಮಟೀಸನ್ ತಣ್ಣಗಾದ ಮೀನಿನ ಸೂಪನ್ನು ಪಕ್ಕಕ್ಕೆ ಸರಿಸಿದ. ನಿವೃತ್ತಿಗೆ ಏಳು ತಿಂಗಳು ಉಳಿದಿತ್ತು. ಈ ಎಮೆಟ್‌ನನ್ನು ಹಿಂದೆ ಎರಡು ಸಲ ಕುಡಿದು ಗಲಾಟೆ ಮಾಡಿದ್ದಕ್ಕೆ ಒಳಗೆ ಹಾಕಿದವನೂ ಅವನೇ. ಆಮೇಲೆ ಎಮೆಟ್ ಕುಡಿತ ಬಿಟ್ಟ, ಶೀಲಾಳನ್ನು ಮದುವೆಯಾದ, ಮಗಳು ಹುಟ್ಟಿದಳು, ದ್ವೀಪದಲ್ಲೇ ಹೆಸರಿರುವ ಗಾಡಿ ಚಾಲಕನಾದ. ಸಾರ್ಜೆಂಟ್‌ಗೆ ಅದರಲ್ಲಿ ಸಣ್ಣದೊಂದು ಹೆಮ್ಮೆಯೂ ಇತ್ತು. ಈಗ ಆ ಹೆಮ್ಮೆ ನೀರಿನಲ್ಲಿ ಮಾಡಿದ ಹೋಮದಂತಾಯಿತಲ್ಲ ಎಂದು ಅವನಿಗೆ ಬೇಸರವಾಯಿತು.

"ದೂರು ಬರ್ಕೋ ಲೋರ್ನ್," ಎಂದ ಎಮೆಟ್. "ನನ್ನ ಫ್ಲಾಸ್ಕಿಗೆ ಯಾರೋ ಹೆಂಡ ಬೆರೆಸಿದಾರೆ."

"ಫ್ಲಾಸ್ಕಲ್ಲಿ ಏನಿತ್ತು?"

"ಶುಂಠಿ ನೀರು. ಕಾಕಂಬಿ, ವಿನಿಗರ್ ಹಾಕಿದ್ದು. ಮೂರು ಮುಕ್ಕಾಲು ವರ್ಷದಿಂದ ಅದೇ ಕುಡೀತಿರೋದು. ಹನ್ನೆರಡು ಗಂಟೆಗೆ ಚಾಲಕರ ಉಸಿರಿನ ಪರೀಕ್ಷೆ ಇತ್ತು. ಸೊನ್ನೆ ಬರ್ಬೇಕಾದಲ್ಲಿ ಯಂತ್ರ ಇಪ್ಪತ್ತೆರಡು ತೋರಿಸ್ತು. ಅಲ್ಲೇ ಕೆಳಗಿಳಿಸಿದ್ರು. ದೊಡ್ಡ ಓಟ ಕೈ ತಪ್ತು."

"ಉಳಿದಿದ್ದು ಎಲ್ಲಿ?"

"ಚೆಲ್ಲಿದೆ."

ಸಾರ್ಜೆಂಟ್ ಠಾಣೆಯ ಯಂತ್ರ ತಂದು ಊದಿಸಿದ. ನೂರಾ ಹದಿನೆಂಟು ಬಂತು. ಎಮೆಟ್ ಅಂಕಿಯನ್ನು ನೋಡಿ ಗೋಡೆಯ ಕಡೆ ಮುಖ ತಿರುಗಿಸಿದ. ಸುಮಾರು ಮೂರು ಗಂಟೆಗಳಲ್ಲಿ ಇಳಿಯಬೇಕಾದದ್ದು ಐದು ಪಟ್ಟು ಏರಿದ್ದು ಹೇಗೆ ಎಂದು ಸಾರ್ಜೆಂಟ್ ಕೇಳಲಿಲ್ಲ. ಎರಡೂ ಅಂಕಿಗಳನ್ನು ಸಮಯದ ಸಮೇತ ಬರೆದುಕೊಂಡ.

"ಶೀಲಾ ನಂಬಲ್ಲ," ಎಂದ ಎಮೆಟ್. "ಇನ್ನೊಂದು ತೊಟ್ಟು ಕುಡಿದ್ರೆ ಮಗೂನ ಕರ್ಕೊಂಡು ಅಮ್ಮನ ಮನೆಗೆ ಹೋಗ್ತೀನಿ ಅಂತ ಮದುವೆ ದಿನಾನೇ ಹೇಳಿದ್ಲು. ಯಾರು ಹಾಕಿದ್ದು ಅಂತ ನೀನು ಹುಡುಕ್ಲೇಬೇಕು. ಇಲ್ದಿದ್ರೆ ನನ್ನ ಕತೆ ಮುಗೀತು."

ದೂರು ದಾಖಲಾಯಿತು. ಫ್ಲಾಸ್ಕನ್ನು ವಶಕ್ಕೆ ತೆಗೆದುಕೊಂಡು ಚೀಲದಲ್ಲಿ ಹಾಕಿ ಮೊಹರು ಮಾಡಿದರು.

ಮೂರೂವರೆಗೆ ಸಾರ್ಜೆಂಟ್ ಮತ್ತು ಕಾನ್‌ಸ್ಟೆಬಲ್ ಆನಿಕ್ ಆರ್ಸೆನೋ ಓಟದ ಮೈದಾನಕ್ಕೆ ಹೋದರು. ಸುತ್ತಿನ ಕೆಂಪು ಮಣ್ಣಿನ ಮೇಲೆ ಆರನೆಯ ಓಟ ನಡೆಯುತ್ತಿತ್ತು. ಜನ ಕರಿದ ಆಲೂಗಡ್ಡೆಯ ಪೊಟ್ಟಣ ಹಿಡಿದು ಬೇಲಿಗೆ ಒರಗಿ ಕೂಗುತ್ತಿದ್ದರು. ಓಟಕ್ಕೆ ಮುಂಚೆ ಕುದುರೆಗಳನ್ನು ಕಟ್ಟುವ ಉದ್ದನೆಯ ಶೆಡ್ಡಿನ ಬಾಗಿಲಲ್ಲಿ ಸಹಿ ಪುಸ್ತಕವಿತ್ತು. ಹನ್ನೊಂದರಿಂದ ಹನ್ನೆರಡರವರೆಗೆ ಒಳಗಿದ್ದವರು ಒಂಬತ್ತು ಜನ. ಆನಿಕ್ ಹೆಸರು ಬರೆದುಕೊಂಡಳು.

ಎಮೆಟ್ ಆ ದಿನ ಓಡಿಸಬೇಕಿದ್ದ ಕುದುರೆ ಕ್ಯಾಪ್ಟನ್ ಫಿನ್. ತರಬೇತುದಾರ ವೆಂಡೆಲ್ ಪ್ರಾಟ್. ಹನ್ನೊಂದೂಕಾಲಿಗೆ ಎಮೆಟ್ ಬಂದು, ಸಾಮಾನಿನ ಪೆಟ್ಟಿಗೆಯ ಮೇಲೆ ಫ್ಲಾಸ್ಕ್ ಇಟ್ಟು, ಕುದುರೆಯನ್ನು ನೋಡಿ, ವೆಂಡೆಲ್ ಜೊತೆ ಆಚೆ ಹೋಗಿ ಹತ್ತು ನಿಮಿಷ ಮಾತಾಡಿದ್ದ. ಆಗ ಶೆಡ್ಡಿನಲ್ಲಿ ಯಾರು ಬೇಕಾದರೂ ಆ ಪೆಟ್ಟಿಗೆಯ ಪಕ್ಕ ಹಾದುಹೋಗಬಹುದಿತ್ತು. ಇಬ್ಬರು ಸಾಕ್ಷಿಗಳ ಎದುರು ಮಹಜರು ಬರೆದರು.

ಮುಖ್ಯ ತೀರ್ಪುಗಾರ ಬ್ಯಾಗ್ನಲ್ ಗೋಪುರದಿಂದ ಇಳಿದು ಬಂದ. ಮೆಟ್ಟಿಲು ಇಳಿಯುವಷ್ಟರಲ್ಲಿ ಅವನಿಗೆ ಉಬ್ಬಸ ಬಂದಿತ್ತು.

"ಎಮೆಟ್ ಮೇಲೆ ಯಾರಿಗೆ ಸಿಟ್ಟು?" ಎಂದ ಸಾರ್ಜೆಂಟ್.

"ಯಾರಿಗೆ ಇಲ್ಲ ಅಂತ ಕೇಳಿ, ಬೇಗ ಮುಗಿಯುತ್ತೆ. ಜುಲೈ ಇಪ್ಪತ್ತೆರಡನೇ ತಾರೀಕು ಕೊನೇ ತಿರುವಲ್ಲಿ ಜಾಗ ಇಲ್ದಿದ್ರೂ ಗಾಡಿ ಹೊರಗೆ ಎಳೆದ. ಅವನ ಚಕ್ರ ಪಕ್ಕದ ಹೆಣ್ಣು ಕುದುರೆ ಕಾಲಿಗೆ ಸಿಕ್ತು. ಮಿಲ್ಲಿ ಅಂತ ಅದರ ಹೆಸರು. ಕಾಲು ಮುರೀತು. ಟಾರ್ಪಾಲ್ ಅಡ್ಡ ಹಿಡಿದು ಅಲ್ಲೇ ಸಾಯೋ ಸೂಜಿ ಹಾಕಿದ್ರು."

"ನೀವೇನು ಮಾಡಿದ್ರಿ?"

"ಅಜಾಗರೂಕ ಚಾಲನೆ, ಐದು ದಿನ ಅಮಾನತು. ನಿಯಮದಲ್ಲಿ ಇರೋದು ಅಷ್ಟೇ. ಅವನು ಮೇಲ್ಮನವಿ ಹಾಕಿ ಅಮಾನತಿಗೆ ತಡೆ ತಂದ. ಎಲ್ಲರೂ ಹಾಗೇ ಮಾಡ್ತಾರೆ ಕಣ್ರೀ. ದೊಡ್ಡ ಓಟ ಮುಗಿಯೋವರೆಗೆ ತಡೆ, ಆಮೇಲೆ ಚಳಿಗಾಲದಲ್ಲಿ ಕೆಲಸ ಇಲ್ದಾಗ ಆರಾಮಾಗಿ ಐದು ದಿನ ಕೂತ್ಕೋತಾರೆ. ಇಪ್ಪತ್ತೊಂಬತ್ತು ವರ್ಷದಿಂದ ನಾನು ಶಿಕ್ಷೆ ಬರೀತಿದ್ದೀನಿ, ಅವರು ರಜಾ ತಗೋತಿದಾರೆ. ನನಗೂ ಸಾಕಾಗಿದೆ."

"ಮಿಲ್ಲಿ ಯಾರ ಲಾಯದ್ದು?"

"ಇದೇ ವೆಂಡೆಲ್ ಪ್ರಾಟ್‌ದು."

ನಿನ್ನ ಕುದುರೆಯನ್ನು ಕೊಂದವನನ್ನೇ ಇನ್ನೊಂದು ಕುದುರೆಯ ಗಾಡಿಯಲ್ಲಿ ಹೇಗೆ ಕೂರಿಸಿದೆ ಎಂದು ಕೇಳಿದರೆ ವೆಂಡೆಲ್ ಹೆಗಲು ಕುಣಿಸಿದ. "ಅವನು ಗೆಲ್ತಾನೆ, ಅದಕ್ಕೆ. ನಾನೇನು ಪೂಜೆ ಮಾಡೋಕೆ ಕುದುರೆ ಸಾಕಿದೀನಾ? ಅವನ ಬದಲಿಗೆ ಟೀನಾನ ಕೂರಿಸ್ಬೇಕಾಯ್ತು. ನನ್ನ ಲಾಯಕ್ಕೆ ಎರಡನೇ ಚಾಲಕಿ ಯಾವತ್ತೂ ಅವಳೇ. ಎರಡನೇ ಸ್ಥಾನ ಬಂತು. ಎಮೆಟ್ ಇದ್ದಿದ್ರೆ ಗೆಲ್ತಿತ್ತು."

ಟೀನಾ ಐದಡಿಯ ಹೆಂಗಸು. ಹೆಲ್ಮೆಟ್ ಒರೆಸುತ್ತಾ ಉತ್ತರ ಕೊಟ್ಟಳು.

"ನಿಮಗೆ ಯಾವಾಗ ಗೊತ್ತಾಯ್ತು?"

"ಹನ್ನೆರಡೂಕಾಲು. ಬಟ್ಟೆ ಹಾಕ್ಕೊಂಡು ಓಡಿ ಬಂದೆ."

"ಹೊಸ ಕುದುರೆ, ತಯಾರಿಗೆ ಸಮಯ ಸಾಕಾಯ್ತಾ?"

"ತಯಾರಿ ಮಾಡೋಕೆ ಏನೂ ಇರ್ಲಿಲ್ಲ ಸಾರ್ಜೆಂಟ್. ಕೂತೆ, ಲಗಾಮು ಹಿಡಿದೆ. ಎಲ್ಲಾ ನನ್ನ ಅಳತೆಗೇ ಇತ್ತು."

ಸಾರ್ಜೆಂಟ್ ಅದನ್ನೂ ಬರೆದುಕೊಂಡ. ಠಾಣೆಗೆ ವಾಪಸಾಗಿ ಚಹಾ ಕುಡಿಯುವಾಗ ಆ ವಾಕ್ಯ ಮತ್ತೆ ಕಣ್ಣಿಗೆ ಬಿತ್ತು. ಅವನ ಅಪ್ಪನೂ ಎರಡು ಕುದುರೆ ಸಾಕಿದ್ದ. ಓಟದ ಲಗಾಮಿಗೆ ಕೈ ತೂರಿಸಿ ಹಿಡಿಯಲು ಎರಡು ಚರ್ಮದ ಕುಣಿಕೆಗಳಿರುತ್ತವೆ. ಉದ್ದ ತೋಳಿನವನಿಗೆ ಮುಂದಕ್ಕೆ, ಗಿಡ್ಡ ತೋಳಿನವಳಿಗೆ ಹಿಂದಕ್ಕೆ ಸರಿಸಿ ಕಟ್ಟಬೇಕು. ಎಮೆಟ್ ಆರಡಿ ಮೂರಂಗುಲದ ಆಳು.

"ಓಟದ ದಿನದ ಫೋಟೋ ತೆಗೆಯೋನು ಇದಾನಲ್ಲ, ಅವನನ್ನ ಕೇಳು," ಎಂದ ಆನಿಕ್‌ಗೆ. "ಕ್ಯಾಪ್ಟನ್ ಫಿನ್ ಓಟಕ್ಕೆ ಸಜ್ಜಾಗಿ ನಿಂತಿದ್ದು ಯಾವುದಾದ್ರೂ ಇದೆಯಾ ಅಂತ."

ಸಂಜೆ ಆರಕ್ಕೆ ಫೋಟೋ ಬಂತು. ಸಮಯ ಹನ್ನೊಂದು ನಲವತ್ತೇಳು. ಕುದುರೆ ಕಿವಿ ನಿಮಿರಿಸಿ ನಿಂತಿದೆ. ಬೆನ್ನ ಮೇಲೆ ಮಡಚಿಟ್ಟ ಲಗಾಮಿನಲ್ಲಿ ಕುಣಿಕೆಗಳು ಟೀನಾಳ ಅಳತೆಗೆ ಹಿಂದಿನ ತೂತಿನಲ್ಲಿವೆ. ಎಮೆಟ್ ಯಂತ್ರಕ್ಕೆ ಊದಿದ್ದು ಹನ್ನೆರಡು ಎಂಟಕ್ಕೆ.

"ಅಂದ್ರೆ ಅವನು ಊದೋಕೆ ಇಪ್ಪತ್ತು ನಿಮಿಷ ಮುಂಚೆನೇ ಟೀನಾ ಓಡಿಸ್ತಾಳೆ ಅಂತ ಯಾರಿಗೋ ಗೊತ್ತಿತ್ತು," ಎಂದಳು ಆನಿಕ್. "ಆದ್ರೆ ಇಷ್ಟು ಹುಷಾರಾಗಿ ಮಾಡಿದೋರು ಇದನ್ನ ಯಾಕೆ ಮುಟ್ಟೋಕೆ ಹೋದ್ರು? ಟೀನಾ ಬಂದ್ಮೇಲೆ ಸರಿಸಿದ್ರೆ ಆಗ್ತಿತ್ತು."

"ಕೊನೇ ಗಳಿಗೇಲಿ ಗಡಿಬಿಡಿ ಆಗಿ, ಅಳತೆ ತಪ್ಪಿದ ಲಗಾಮಲ್ಲಿ ಕುದುರೆ ಆಚೆ ಹೋದ್ರೆ? ಅದರ ಬಾಯಿ ಹರಿಯುತ್ತೆ ಕಣಮ್ಮ. ಅದನ್ನ ಸಹಿಸದೇ ಇರೋರು ಅಲ್ಲಿ ಒಬ್ಬರೇ ಇದ್ದಿದ್ದು."

ಸಹಿ ಪುಸ್ತಕದ ಆರನೆಯ ಹೆಸರು ವರ್ನಾ ಕಡ್‌ಮೋರ್. ವಯಸ್ಸು ಅರವತ್ತೊಂದು. ವೆಂಡೆಲ್‌ನ ಲಾಯದಲ್ಲಿ ಕುದುರೆಗಳ ಆರೈಕೆ ಮಾಡುವವಳು. ಹೆಸರು ಹೊಳೆದದ್ದಕ್ಕೆ ಸಾರ್ಜೆಂಟ್‌ಗೆ ಸಂತೋಷವೇನೂ ಆಗಲಿಲ್ಲ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರೂ ಲಾಯಕ್ಕೆ ಹೋದರು. ವರ್ನಾ ಸಗಣಿ ಬಾಚುತ್ತಿದ್ದಳು. ಅವರನ್ನು ನೋಡಿ ಸಲಿಕೆಯನ್ನು ಗೋಡೆಗೆ ಒರಗಿಸಿದಳೇ ಹೊರತು ಗಾಬರಿಯಾಗಲಿಲ್ಲ. ಸಾರ್ಜೆಂಟ್ ಅವಳ ಹಕ್ಕುಗಳನ್ನು ಓದಿ ಹೇಳಿ ಫೋಟೋ ತೋರಿಸಿದ.

"ಈ ಕುಣಿಕೆ ಕಟ್ಟಿದ್ದು ಯಾರು?"

"ನಾನು. ಓಟದ ಲಗಾಮು ಬೇರೆ ಯಾರೂ ಮುಟ್ಟಲ್ಲ."

"ಯಾರ ಅಳತೆಗೆ?"

ವರ್ನಾ ಫೋಟೋವನ್ನು ಕನ್ನಡಕ ಹಾಕಿಕೊಂಡು ನೋಡಿದಳು. "ಹೌದಲ್ಲ," ಎಂದಳು. "ನಾನೊಬ್ಬಳು ಪೆದ್ದಿ."

"ಏನು ಹಾಕಿದ್ರಿ?"

"ವೋಡ್ಕಾ. ಕುದುರೆಗೆ ಔಷಧಿ ಕುಡಿಸೋ ಸಿರಿಂಜಲ್ಲಿ ಎರಡು ಸಲ. ಅವನ ತೂಕ ನೋಡಿ ಲೆಕ್ಕ ಹಾಕ್ದೆ. ಯಂತ್ರಕ್ಕೆ ಗೊತ್ತಾಗ್ಬೇಕು, ಅವನಿಗೆ ಗೊತ್ತಾಗ್ಬಾರ್ದು, ಅಷ್ಟು."

ಸಿರಿಂಜನ್ನು ತೊಳೆದು, ಒರೆಸಿ, ಎಂದಿನ ಮೊಳೆಗೇ ನೇತುಹಾಕಿದ್ದಳು. ಆನಿಕ್ ಅದನ್ನು ವಶಕ್ಕೆ ತೆಗೆದುಕೊಂಡಳು.

"ಅವನು ಕುಡಿತ ಬಿಟ್ಟಿದ್ದು ಗೊತ್ತಿರ್ಲಿಲ್ವಾ?"

"ಇಡೀ ದ್ವೀಪಕ್ಕೇ ಗೊತ್ತು. ಅದಕ್ಕೇ ಅಷ್ಟು ಕಡಿಮೆ ಹಾಕಿದ್ದು. ಸಾರ್ಜೆಂಟ್, ನಾನು ಅವನ ಗಾಡಿ ಚಕ್ರ ಸಡಿಲ ಮಾಡಬಹುದಿತ್ತು. ಮಾಡ್ಲಿಲ್ಲ. ಹಿಂದೆ ಬರೋ ಕುದುರೆಗಳು ಏನು ಪಾಪ ಮಾಡಿದ್ವು? ನನಗೆ ಅವನು ಸಾಯೋದು ಬೇಡ. ಉಸಿರಿನ ಪರೀಕ್ಷೆ ತಪ್ಪಿದ್ರೆ ಯಾವ ತಡೆನೂ ಸಿಗಲ್ಲ, ಕೂತ್ಕೋಲೇಬೇಕು. ಐದು ದಿನ ಅಂತ ಬರೆದಿದ್ರಲ್ಲ, ಆ ಐದು ದಿನ ಅವನು ಕೂತ್ಕೋಬೇಕಿತ್ತು. ಮಿಲ್ಲಿ ಹುಟ್ಟಿದಾಗ ನನ್ನ ಮಡಿಲಿಗೇ ಬಿದ್ದಿದ್ದು. ಹೋಗುವಾಗಲೂ ತಲೆ ಹಿಡಿದಿದ್ದು ನಾನೇ. ಮಾರನೇ ದಿನ ಬೆಳಿಗ್ಗೆ ಅವನು ಇದೇ ಬಾಗಿಲಿಗೆ ಬಂದು, ಶನಿವಾರ ಯಾವ ಕುದುರೆ ಅಂತ ವೆಂಡೆಲ್‌ನ ಕೇಳ್ದ. ಮಿಲ್ಲಿ ಇದ್ದ ಜಾಗದ ಕಡೆ ತಿರುಗಿ ಕೂಡ ನೋಡ್ಲಿಲ್ಲ."

ಒಂಬತ್ತು ನಲವತ್ತಕ್ಕೆ ಬಂಧನವಾಯಿತು. ತಿಳಿಯದಂತೆ ಅಮಲೇರಿಸುವ ವಸ್ತು ಕುಡಿಸಿದ ಆರೋಪ. ವರ್ನಾ ಹೊರಡುವ ಮುನ್ನ ನೀರಿನ ಬಕೆಟ್ಟುಗಳನ್ನು ತುಂಬಿಸಲು ಅನುಮತಿ ಕೇಳಿದಳು. ಏಳು ಬಕೆಟ್ಟು ತುಂಬುವವರೆಗೆ ಸಾರ್ಜೆಂಟ್ ಕಾದ.

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಅವನು ಒಬ್ಬನೇ ಎಮೆಟ್‌ನ ಮನೆಗೆ ಹೋಗಿ ವರ್ನಾಳ ಹೇಳಿಕೆಯ ಪ್ರತಿ ಕೊಟ್ಟ. ಅಂಗಳದಲ್ಲಿ ಶೀಲಾಳ ಕಾರು ಇರಲಿಲ್ಲ. ಎಮೆಟ್ ಅಡುಗೆಮನೆಯ ಮೇಜಿನ ಹತ್ತಿರ ಕೂತು ಓದಿದ. ಕ್ಷೌರ ಮಾಡಿಕೊಂಡಿರಲಿಲ್ಲ.

"ನಿನ್ನ ಮೇಲೆ ಏನೂ ಉಳಿಯಲ್ಲ," ಎಂದ ಸಾರ್ಜೆಂಟ್. "ಬ್ಯಾಗ್ನಲ್ ಆ ಪರೀಕ್ಷೆ ರದ್ದು ಮಾಡ್ತಾನೆ. ತಡೆನೂ ಹಾಗೇ ಇದೆ. ಶನಿವಾರ ಓಡಿಸಬಹುದು."

"ಎರಡನೇ ಅಂಕಿ?"

"ಅದನ್ನೂ ಬರೆದಿದೀನಿ. ಸುಳ್ಳು ಬರಿಯೋಕಾಗಲ್ಲ."

ಎಮೆಟ್ ತಲೆ ಅಲ್ಲಾಡಿಸಿದ. "ಶೀಲಾಗೆ ನಾನೇ ಹೇಳ್ದೆ, ಹೋಗಿಬಿಟ್ಲು. ಮೊದಲನೇ ಗುಟುಕಿಗೇ ನಂಗೆ ಗೊತ್ತಾಗಿತ್ತು ಲೋರ್ನ್. ವರ್ನಾ ಅಳತೆ ಮಾಡಿ ಹಾಕಿರಬಹುದು. ನನ್ನ ನಾಲಿಗೆಗೆ ಒಂದು ಹನಿ ಸಾಕು. ಉಗಿದು ಬ್ಯಾಗ್ನಲ್ ಹತ್ರ ಹೋಗ್ಬಹುದಿತ್ತು. ಹೋಗ್ಲಿಲ್ಲ. ಫ್ಲಾಸ್ಕ್ ಪೂರ್ತಿ ಕುಡಿದು ಖಾಲಿ ಮಾಡ್ದೆ, ಚೆಲ್ಲಿದೆ ಅಂದಿದ್ದು ಸುಳ್ಳು. ಕೆಳಗಿಳಿಸಿದ ಮೇಲೆ ಅಂಗಡಿಗೆ ಹೋದೆ. ನಿನ್ನ ಹತ್ರ ಬಂದಿದ್ದು ಆಮೇಲೆ."

ಹೇಳಿಕೆ ಬರೆದು ಸಹಿ ಹಾಕಿಸಿಕೊಂಡದ್ದಾಯಿತು. ಸಾರ್ಜೆಂಟ್ ಎದ್ದಾಗ ಎಮೆಟ್ ಇನ್ನೊಂದು ಕಾಗದ ಕೊಟ್ಟ. ಮೇಲ್ಮನವಿ ವಾಪಸು ಪಡೆಯುವ ಪತ್ರ. "ಬ್ಯಾಗ್ನಲ್‌ಗೆ ಕೊಟ್ಬಿಡು. ಇವತ್ತಿಂದಾನೇ ಕೂತ್ಕೋತೀನಿ."

ಹತ್ತೂವರೆಗೆ ನ್ಯಾಯಾಲಯದ ಪಡಸಾಲೆಯಲ್ಲಿ ವರ್ನಾ ಬೆಂಚಿನ ಮೇಲಿದ್ದಳು. ಪಕ್ಕದಲ್ಲಿ ಆನಿಕ್. ಸಾರ್ಜೆಂಟ್ ಮೊಣಕಾಲ ಮೇಲೆ ಕಡತ ಇಟ್ಟುಕೊಂಡು ಕೃತ್ಯದ ಉದ್ದೇಶ ಎಂಬ ಕಡೆ ಏನು ಬರೆಯುವುದೆಂದು ಯೋಚಿಸಿದ. ದ್ವೇಷ ಎಂದು ಬರೆಯಲು ಕೈ ಬರಲಿಲ್ಲ. ತೀರ್ಪುಗಾರರು ಕೊಟ್ಟ ಐದು ದಿನದ ಅಮಾನತು ಜಾರಿಗೆ ಬರಲೆಂದು, ಎಂದು ಬರೆದ. ಎಲ್ಲರೂ ಶಿಕ್ಷೆ ಎಂದು ಬಾಯಿಮಾತಿಗೆ ಹೇಳುತ್ತಿದ್ದುದನ್ನು ಈ ಹೆಂಗಸೊಬ್ಬಳೇ ನಿಜವೆಂದು ನಂಬಿದ್ದಳು.

"ನಿನಗೆ ಬೇಕಾಗಿದ್ದು ಸಿಕ್ತು ವರ್ನಾ," ಎಂದ. "ಮೇಲ್ಮನವಿ ವಾಪಸ್ ತಗೊಂಡ. ಇವತ್ತಿಂದ ಐದು ದಿನ ಅವನು ಗಾಡಿ ಹತ್ತಲ್ಲ."

ಅವಳ ಮುಖದಲ್ಲಿ ಗೆಲುವಿನ ಕಳೆ ಬರುತ್ತದೇನೋ ಎಂದು ಕಾದ. ಬರಲಿಲ್ಲ.

"ಅವನು ಕುಡಿದ ಅಂತ ಆನಿಕ್ ಹೇಳಿದ್ಲು," ಎಂದಳು. "ನಾನು ಹಾಕಿದ್ದಲ್ಲ, ಆಮೇಲೆ. ನಿಜಾನಾ?"

"ನಿಜ."

"ಮನೇಲಿ ಯಾರಿದಾರೆ?"

"ಯಾರೂ ಇಲ್ಲ. ಹೆಂಡ್ತಿ ಮಗೂನ ಕರ್ಕೊಂಡು ಹೋಗಿದಾಳೆ."

ವರ್ನಾ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. "ಒಬ್ಬನೇನಾ?" ಎಂದಳು. "ಕುದುರೆ ಕೆಲಸ ಇಲ್ದೆ, ಆ ಮನೇಲಿ, ಐದು ದಿನಾನಾ? ಅಯ್ಯೋ ಬೇಡ ಸಾರ್ಜೆಂಟ್. ತೀರ್ಪುಗಾರರಿಗೆ ಹೇಳಿ, ಅವನಿಗೆ ಓಡಿಸೋಕೆ ಬಿಡ್ಲಿ. ಯಾವ ಕುದುರೆನಾದ್ರೂ ಕೊಡ್ಲಿ."

ಸಾರ್ಜೆಂಟ್ ಕಡತವನ್ನು ಆನಿಕ್ ಕೈಗಿತ್ತು, ಕಾರಿನ ಕೀಲಿ ಹುಡುಕುತ್ತಾ ಎಮೆಟ್‌ನ ಮನೆಯ ಕಡೆ ಹೊರಟ.